ಗಂಗವ್ವ ನಿಂತು ತಿರುಗಿದ ಜಾಗ

ಒಣಗಿದ ಹಳ್ಳದಲ್ಲಿ ನಿಂತು, ದೊಡ್ಡ ಮಳೆ ಬಂದರೆ ಇಲ್ಲಿ ನೀರು ಎಲ್ಲಿಯವರೆಗೆ ಏರೀತು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ನೌಕರಿ ಸೇರಿದ ಹೊಸದರಲ್ಲಿ ಇದನ್ನು ನಮ್ಮವ್ವನಿಗೆ ಬಿಡಿಸಿ ಹೇಳಿದೆ. ಆಕೆ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ನೀರಿಲ್ಲದ ಹಳ್ಳ ನೋಡಿದ್ದಕ್ಕ ಸರಕಾರದವರು ಪಗಾರ ಕೊಡ್ತಾರ? ಯಾರ ಮುಂದೂ ಹೇಳಬ್ಯಾಡವಾ, ಗೊತ್ತಾದ್ರ ನೌಕರಿ ತೆಗದಾರು" ಎಂದಳು. ಸಂಸ್ಕೃತ ಕಲಿಸುವ ಮಾಸ್ತರರ ಹೆಂಡತಿ ಆಕೆ. ಮಗಳೂ ಮುಂದೆ ಸಾಲಿಯಲ್ಲಿ ಪಾಠ ಹೇಳುವವಳಾಗುತ್ತಾಳೆ ಎಂದು ನಂಬಿಕೊಂಡಿದ್ದಳು. ಮಗಳು ನೋಡಿದರೆ ಕೊಡೆ ಹಿಡಿದುಕೊಂಡು ಜಾಲಿ ಮುಳ್ಳಿನಲ್ಲಿ ಓಡಾಡುತ್ತಿದ್ದಳು.

ಈಗ ಇಲಾಖೆಗೆ ಹೊಸದಾಗಿ ಬಂದ ಹುಡುಗರು, ಹುಡುಗಿಯರು ಬಾಗಲಕೋಟೆಯ ನಮ್ಮ ಮನೆಗೆ ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಗುಡ್ಡದ ಹಳ್ಳಕ್ಕೆ ಯಾವ ಸೂತ್ರ ಹಾಕಬೇಕು ಮೇಡಂ ಎಂದು ಕೇಳುತ್ತಾರೆ. ಸೂತ್ರ ಪುಸ್ತಕದಲ್ಲಿ ಇದೆಯಪ್ಪಾ, ಅದಕ್ಕೆ ನನ್ನ ಹತ್ತಿರ ಯಾಕೆ ಬರಬೇಕು? ಅವರಿಗೆ ಚುರುಮುರಿ ಕೊಟ್ಟು ನನಗೆ ನೆನಪಾದ ಸಂಗತಿಗಳನ್ನು ಹೇಳುತ್ತೇನೆ. ಪಾಪ, ಸಭ್ಯಸ್ಥ ಮಕ್ಕಳು, ಕೇಳುತ್ತವೆ. ಅದನ್ನೇ ಬರೆದುಕೊಡಿ ಎಂದು ಅವರಲ್ಲೊಬ್ಬಳು ಗಂಟುಬಿದ್ದಳು. ಹಾಗಾಗಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಕೇಳಿ ನಮ್ಮ ಮನೆಯವರಿಗೇ ಸಾಕಾಗಿದೆ.

ಬಾದಾಮಿಯ ಗುಡ್ಡ ಹತ್ತಿದವರಿಗೆ ಗೊತ್ತಿರುತ್ತದೆ, ಮೇಲೆಲ್ಲ ಕೆಂಪು ಕಲ್ಲಿನ ಚಪ್ಪಡಿ. ನೀರು ಹೀರಿಕೊಳ್ಳಲು ಅಲ್ಲಿ ಮಣ್ಣಿಲ್ಲ. ಚಪ್ಪಡಿಯ ಮೇಲೆ ಬಿದ್ದ ಮಳೆಯೆಲ್ಲ ಬಿದ್ದಷ್ಟೇ ಬಿರುಸಿನಲ್ಲಿ ಕೆಳಗಿಳಿಯುತ್ತದೆ. ಮುಂಜಾನೆ ಕುರಿ ದಾಟಿಸಿದ ಹಳ್ಳದಲ್ಲಿ ಊಟದ ಹೊತ್ತಿಗೆ ಎತ್ತು ತೇಲಿ ಹೋಗಬಹುದು. ಊರ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ, ಗುಡ್ಡದ ಆಚೆ ಮಗ್ಗುಲಿಗೆ ಮಳೆ ಆಗಿರುತ್ತದೆ. ಹಳೇ ಬಾಗಲಕೋಟೆಯಲ್ಲಿ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆ ನೀರು ನೋಟೀಸು ಕೊಟ್ಟು, ವರ್ಷಗಟ್ಟಲೆ ಕಾಯಿಸಿ, ಮೆಲ್ಲಗೆ ಬಂತು. ನಾವು ಬಾಗಿಲು ಚೌಕಟ್ಟುಗಳನ್ನೂ ಕಿತ್ತುಕೊಂಡು ಹೊರಟೆವು. ಗುಡ್ಡದ ಹಳ್ಳಕ್ಕೆ ಅಷ್ಟು ಸೌಜನ್ಯವಿಲ್ಲ. "ಹಳ್ಳ ಬಂತು" ಎಂದು ಯಾರೋ ಕೂಗುವುದರೊಳಗೆ ಅದು ಬಂದೇ ಬಿಟ್ಟಿರುತ್ತದೆ.

ನನಗೆ ಈ ಕೆಲಸ ಕಲಿಸಿದವರು ಕಟ್ಟಿ ಸಾಹೇಬರು. ಕುಳ್ಳಗಿನ ಆಳು, ಯಾವಾಗಲೂ ಟೊಪ್ಪಿಗೆ, ಮೂಗಿನ ತುದಿಯಲ್ಲಿ ಸಿಟ್ಟು. ಅವರ ಮೊದಲ ನಿಯಮ ಲೆಕ್ಕದ್ದಲ್ಲ, ಚಹದ್ದು. ಹಳ್ಳಿಗೆ ಹೋದ ಕೂಡಲೇ ನೀರಿನ ಮಾತು ತೆಗೆಯಬಾರದು, ಅವರು ಕೊಟ್ಟ ಚಹ ಕುಡಿಯಬೇಕು. "ನೀರು ಎಲ್ಲಿ ಮಟಾ ಬಂದಿತ್ತು ಅಂತ ನೀ ಕೇಳಿದಿ ಅಂದ್ರ ಕೆಲಸ ಕೆಟ್ಟಿತು ಸುಮಿತ್ರಾ. ಇಕಿ ಯಾಕ ಕೇಳಾಕತ್ತಾಳ ಅಂತ ಮೊದಲು ವಿಚಾರ ಮಾಡ್ತಾರ, ಆಮ್ಯಾಲೆ ನೀರಿನ ಮಟ್ಟ ಹೇಳ್ತಾರ" ಎನ್ನುತ್ತಿದ್ದರು. ಸೇತುವೆ ಕಟ್ಟಿಸಲು ಬಂದಿದ್ದಾರೆ ಎಂದುಕೊಂಡರೆ ನೀರು ಎದೆಮಟ್ಟ ಏರುತ್ತದೆ. ಹೊಲ ಹಿಡಿಯಲು ಬಂದಿದ್ದಾರೆ ಎಂದುಕೊಂಡರೆ ಪಾದ ತೊಯ್ಯುವಷ್ಟಕ್ಕೆ ಇಳಿಯುತ್ತದೆ. ಆದ್ದರಿಂದ ಕಟ್ಟಿ ಸಾಹೇಬರು ಬೇರೆಯದೇ ಕೇಳುತ್ತಿದ್ದರು. ಆ ಸಲ ದನ ಎಲ್ಲಿ ಕಟ್ಟಿದಿರಿ? ಮದುವೆ ಇತ್ತಲ್ಲ, ಬೀಗರು ಎಲ್ಲಿ ನಿಂತುಕೊಂಡರು? ಕಣದ ಜೋಳ ಹೋಯಿತೋ, ಉಳಿಯಿತೋ? ಮಾತು ಮುಗಿಯುವುದರೊಳಗೆ ನೀರಿನ ಅಂಚು ತಾನಾಗಿ ಕಾಣುತ್ತಿತ್ತು.

ಅವರೂ ಎಡವುತ್ತಿದ್ದರು ಅನ್ನಿ. ಇಳಕಲ್ಲಿನ ಕಡೆ ಒಂದು ಹಳ್ಳ ನೋಡಲು ಹೋಗಿದ್ದೆವು. ಹಳ್ಳದ ಪಕ್ಕದ ದಾರಿಯಲ್ಲಿ ಒಂದು ಜಾಲಿಗಿಡ, ಅದರ ಎತ್ತರದ ಟೊಂಗೆಗಳಲ್ಲಿ ಜೋಳದ ಕಣಿಕೆಯ ಎಲೆ, ಹುಲ್ಲುಕಡ್ಡಿ ಸಿಕ್ಕಿಕೊಂಡಿದ್ದವು. ನೀರು ತಂದು ಸಿಕ್ಕಿಸಿದ ಕಸ ನಮಗೆ ಬಂಗಾರ ಇದ್ದಂತೆ, ನೆರೆ ಅಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಅದೇ ಗುರುತು. ಸಾಹೇಬರ ಮುಖ ಅರಳಿತು. ಲೆವೆಲ್ ಯಂತ್ರ ಹೂಡಿಸಿದರು, ಅಳತೆಪಟ್ಟಿಯನ್ನು ಗಿಡಕ್ಕೆ ಆನಿಸಿ ನಿಲ್ಲಿಸಿದರು. "ಇಷ್ಟು ನೀರು ಬಂದ್ರ ಇಳಕಲ್ಲಿನ ಅರ್ಧ ಊರ ಇರಂಗಿಲ್ಲ!" ಎಂದು ತಾವೇ ಗಾಬರಿಯೂ ಆದರು. ಅಷ್ಟರಲ್ಲಿ ಹಿಂದಿನಿಂದ ಕಣಿಕೆ ಹೇರಿದ ಟ್ರ್ಯಾಕ್ಟರ್ ಬಂತು. ನಮ್ಮನ್ನು ಸರಿಯಲು ಹೇಳಿ, ಗಿಡದ ಕೆಳಗೇ ಹಾದುಹೋಯಿತು. ಹೋಗುವಾಗ ಟೊಂಗೆಗಳಿಗೆ ಇನ್ನೊಂದು ಹಿಡಿ ಕಣಿಕೆ ಸಿಕ್ಕಿಸಿ ಹೋಯಿತು. ಸಾಹೇಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಸುಮಿತ್ರಾ, ಯಂತ್ರ ಕಟ್ಟು. ನೀ ಏನೂ ನೋಡಿಲ್ಲ" ಎಂದರು. ನಾನು ಜೀಪಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ಜೀಪಿನ ಮುಂದೆ ನಗುತ್ತಿದ್ದರು, ಭುಜ ಅಲುಗುವುದು ಕಾಣುತ್ತಿತ್ತು.

ಹುನಗುಂದದ ಎರೆಮಣ್ಣಿನದು ಬೇರೆ ಕಥೆ. ಅಲ್ಲಿ ಹಳ್ಳ ದಂಡೆಯನ್ನೇ ಕೊರೆದುಕೊಂಡು ದಿಕ್ಕು ಬದಲಿಸುತ್ತದೆ. ಹೋದ ವರ್ಷ ಅಳೆದ ಅಗಲ ಈ ವರ್ಷ ಇರುವುದಿಲ್ಲ. ಒಮ್ಮೆ ಸಣ್ಣ ಮಳೆ ಬಿದ್ದು ನಮ್ಮ ಜೀಪು ಎರೆಯಲ್ಲಿ ಗಾಲಿಯವರೆಗೆ ಹೂತಿತು. ಒಬ್ಬ ರೈತ ಎತ್ತು ಹೂಡಿ ಎಳೆದುಕೊಟ್ಟ. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದ. ಹಳ್ಳ ನೋಡಲಿಕ್ಕೆ ಎಂದೆ. "ಈಗ ಹಳ್ಳನ ನಿಮ್ಮನ್ನ ನೋಡೇತಿ, ಇನ್ನ ಮನಿಗಿ ನಡೀರಿ" ಎಂದ. ಮೊಳಕಾಲವರೆಗೆ ಕೆಸರು ಮೆತ್ತಿದ ನನ್ನ ಸೀರೆ ನೋಡಿ ಅವ್ವ ಆ ದಿನ ನನ್ನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡಳು.

ಇಷ್ಟೆಲ್ಲ ಹೇಳಿದ್ದು ಮಾಳಪ್ಪನ ಕಡೆ ಬರುವುದಕ್ಕೆ. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಅವನ ಊರು. ಊರ ಹೆಸರು ಬರೆಯುವುದಿಲ್ಲ, ಬರೆದರೆ ಮಾಳಪ್ಪ ಜಗಳಕ್ಕೆ ಬಂದಾನು. ಅವನು ಬೀರಪ್ಪನ ಪೂಜಾರಿ. ಕುರಿ ಉಂಟು, ಸ್ವಲ್ಪ ಹೊಲ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಮಾತು ಉಂಟು. ಬಾದಾಮಿಗೆ ಹೋಗುವ ದಾರಿಯನ್ನು ಗುಡ್ಡದಿಂದ ಇಳಿದು ಬರುವ ಒಂದು ಹಳ್ಳ ಅಡ್ಡ ಹಾಯುತ್ತದೆ. ಅದಕ್ಕೆ ಒಣಹಳ್ಳ ಎಂದೇ ಹೆಸರು. ಅದರ ಮೇಲೆ ಸೇತುವೆ ಮಾಡುವ ಕೆಲಸಕ್ಕೆ ನಾನು ಮೊದಲ ಸಲ ಅಲ್ಲಿಗೆ ಹೋದೆ. ಮಾಳಪ್ಪ ಚಹ ಕೊಡುವ ಮೊದಲೇ ನನ್ನನ್ನು ಹಳ್ಳದ ದಂಡೆಯ ಒಂದು ಬೇವಿನ ಗಿಡದ ಹತ್ತಿರ ಎಳೆದುಕೊಂಡು ಹೋದ. ತನ್ನ ಭುಜದ ಎತ್ತರದಲ್ಲಿದ್ದ ಒಂದು ಗಂಟನ್ನು ತೋರಿಸಿದ. "ಇಲ್ಲಿ ಮಟಾ ಬಂದಿತ್ರಿ ಬಾಯಾರ. ಬೀರಪ್ಪನ ಆಣಿ. ನಮ್ಮ ಮುತ್ತ್ಯಾ ಹೇಳ್ಯಾನ." ಅವನಿಗೆ ಎತ್ತರದ ಸೇತುವೆ ಬೇಕಿತ್ತು, ನಾನು ನಕ್ಕು ಸ್ವಲ್ಪ ಕಳೆದು ಬರೆದುಕೊಂಡೆ. ಆದರೂ ಸೇತುವೆ ಎತ್ತರವೇ ಆಯಿತು.

ಅದಾದ ಎಷ್ಟೋ ವರ್ಷಗಳ ಮೇಲೆ ಮಲಪ್ರಭೆ ಆ ಊರಿಗೆ ಮತ್ತೆ ಮತ್ತೆ ನುಗ್ಗಿತು. ಮಾಳಪ್ಪನ ಮನೆಯ ಪಡಸಾಲೆ ಬಿತ್ತು. ಕಟ್ಟಿದ, ಮತ್ತೆ ಬಿತ್ತು. ಕೊನೆಗೆ ಊರನ್ನೇ ಎತ್ತಿ ಗುಡ್ಡದ ಕೆಳಗೆ, ರಸ್ತೆಯ ಮಗ್ಗುಲಿಗೆ ಇಡುವುದು ಎಂದಾಯಿತು. ಜನರ ಸಂತೋಷ ಹೇಳತೀರದು. ಎತ್ತರದ ಜಾಗ, ಹೊಳೆಯಿಂದ ದೂರ, ಬಸ್ಸು ಬಾಗಿಲಿಗೇ ಬರುತ್ತದೆ. ನಕ್ಷೆ ತಯಾರಾಯಿತು, ಜಾಗದ ಮೂಲೆಗಳಿಗೆ ಬಣ್ಣದ ಕಲ್ಲು ನೆಟ್ಟರು. ರಸ್ತೆಗೆ ಹತ್ತಿದ ಎರಡು ಸಾಲು ಮನೆ, ಅವುಗಳ ಪಕ್ಕ ಸಾಲಿ. ಮೊದಲ ಸಾಲಿನ ಮೂಲೆಯ ಜಾಗ ಮಾಳಪ್ಪನದು. ಅವನು ಅಲ್ಲಿ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ನನಗೆ ತನ್ನ ಮನೆ ತೋರಿಸಿದ. "ಇದು ತಲಬಾಗಲರಿ. ಇದು ಪಡಸಾಲಿ, ಅಡಗಿಮನಿಗಿಂತ ದೊಡ್ಡದು. ನಾ ಇಲ್ಲಿ ಕುಂತ್ರ ಬಸ್ಸಿಗೆ ಹೋಗಾವರೆಲ್ಲ ನನ್ನ ಮಾತಾಡಿಸೇ ಹೋಗಬೇಕು."

ನಾನು ಮಾತ್ರ ಪಡಸಾಲೆ ಬಿಟ್ಟು ಹಿಂದಿನ ಗುಡ್ಡ ನೋಡುತ್ತಿದ್ದೆ. ಒಣಹಳ್ಳ ಗುಡ್ಡದ ಸಂದಿಯಿಂದ ಹೊರಬಿದ್ದು ಬಯಲಿಗೆ ತೆರೆದುಕೊಳ್ಳುವುದೇ ಅಲ್ಲಿ. ಈಗ ಒಂದು ಮೂಲೆಯಲ್ಲಿ ಸಣ್ಣ ತಗ್ಗಿನಲ್ಲಿ ಹರಿಯುತ್ತದೆ, ಸರಿ. ಆದರೆ ನಾವು ನಿಂತ ನೆಲದಲ್ಲೆಲ್ಲ ದುಂಡಗೆ ಸವೆದ ಗುಂಡುಕಲ್ಲುಗಳಿದ್ದವು, ಅರ್ಧ ಹೂತು ಅರ್ಧ ಕಾಣುತ್ತಿದ್ದವು. ಗುಡ್ಡದಿಂದ ಉರುಳಿ ಬಿದ್ದ ಕಲ್ಲಿಗೆ ಮೂಲೆ ಇರುತ್ತದೆ. ಮೂಲೆ ಸವೆಯಬೇಕಾದರೆ ನೀರು ಹೊರಳಾಡಿಸಿಕೊಂಡು ತಂದಿರಬೇಕು. ಹೊಸದಾಗಿ ಸೇರಿದವರಿಗೆ ಇದೊಂದು ಮಾತು, ಹಳ್ಳ ಎಲ್ಲಿದೆ ಎಂದು ನೋಡುವ ಮೊದಲು ಕಾಲ ಕೆಳಗಿನ ಕಲ್ಲು ನೋಡಿರಿ.

ನಮ್ಮ ಆಗಿನ ಮೇಲಧಿಕಾರಿ ದಕ್ಷಿಣದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಸಂಭಾವಿತರು. "ಒಣಹಳ್ಳ ಅಂತ ಹೆಸರೇ ಇದೆಯಲ್ಲ ಮೇಡಂ. ನೆರೆಯ ಅಪಾಯವಿಲ್ಲ ಅಂತ ಒಂದು ಸಾಲು ಬರೆದುಕೊಡಿ, ಜನ ಮಳೆಗಾಲಕ್ಕೆ ಮುಂಚೆ ಮನೆ ಕಟ್ಟಿಕೊಳ್ಳಲಿ" ಎಂದರು. ಅವರ ಅವಸರ ತಪ್ಪಲ್ಲ. ಜನ ತಗಡಿನ ಶೆಡ್ಡಿನಲ್ಲಿ ಬೇಯುತ್ತಿದ್ದರು. ನನ್ನ ಜೊತೆ ಇಮ್ರಾನ್ ಎಂಬ ಚುರುಕು ಎಂಜಿನಿಯರ್ ಇದ್ದ. ಉಪಗ್ರಹದ ನಕ್ಷೆ ಹಾಕಿ, ಕಂಪ್ಯೂಟರಿನಲ್ಲಿ ನೀರು ಹರಿಸಿ ತೋರಿಸುವವನು. ನಾವು ಹಗ್ಗ ಹಿಡಿದು ವಾರಗಟ್ಟಲೆ ಮಾಡುತ್ತಿದ್ದುದನ್ನು ಅವನು ಕುಳಿತಲ್ಲೇ ಮಾಡುತ್ತಿದ್ದ, ನನಗೆ ಅದನ್ನು ನೋಡುವುದೇ ಒಂದು ಹಬ್ಬ. ಅವನು ಪರದೆಯ ಮೇಲೆ ನೀಲಿ ಬಣ್ಣ ಹಿಗ್ಗಿಸಿ, ಕುಗ್ಗಿಸಿ ತೋರಿಸಿದ. "ಮೇಡಂ, ನೆಲ ಒರಟ ಐತಿ ಅಂತ ಕಂಪ್ಯೂಟರಿಗೆ ಹೇಳಿದ್ರ ನೀರು ಸಾಲಿ ಮುಳುಗಸ್ತೈತಿ. ನುಣುಪ ಐತಿ ಅಂದ್ರ ಸಾಲಿ ಉಳೀತೈತಿ. ಎರಡರಾಗ ಯಾವುದು ಖರೆ? ಒಂದು ಹಳೇ ಮಹಾಪೂರದ ಗುರುತು ಸಿಕ್ಕರ ಸಾಕು, ಕೂಡಿಸಿಬಿಡ್ತೇನಿ" ಎಂದ.

ಗುರುತಿಗೆ ಊರಿಗೆ ಹೋದರೆ ಊರಿಗೆ ಊರೇ ಒಂದು ಮಾತು ಕಲಿತುಕೊಂಡಿತ್ತು. ಯಾರನ್ನು ಕೇಳಿದರೂ ಒಣಹಳ್ಳದ ನೀರು ಮೊಳಕಾಲು ದಾಟಿಲ್ಲ. ಮಾಳಪ್ಪ ಅದೇ ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋಗಿ, ಬುಡದ ಹತ್ತಿರ ಕೈ ಇಟ್ಟ. ನಾನು ಭುಜದ ಎತ್ತರದ ಗಂಟಿನ ಮೇಲೆ ಕೈ ಇಟ್ಟೆ.

"ಬ್ರಿಜ್ಜಿನ ಟೈಮಿಗೆ ಇದನ್ನ ತೋರಿಸಿದ್ರಲ್ಲಾ ಮಾಳಪ್ಪನವರ? ಬೀರಪ್ಪನ ಆಣಿ ಬ್ಯಾರೆ ಮಾಡಿದ್ರಿ."

ಮಾಳಪ್ಪ ಗಿಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಆವಾಗ ಗಿಡ ಸಣ್ಣದಿತ್ರಿ ಬಾಯಾರ. ಈಗ ಬೆಳದೈತಿ. ಗಿಡದ ಜೋಡಿ ಗುರುತೂ ಮ್ಯಾಲೆ ಹೋಗೇತಿ."

"ಹೌದಲ್ರಿ? ನಿಮ್ಮ ಗದ್ದದ ಮ್ಯಾಲಿನ ಮಚ್ಚಿ ನೀವು ಬೆಳದಾಗ ನೆತ್ತಿಗೆ ಹೋಗ್ಯದೇನು?"

ಸುತ್ತ ನಿಂತವರು ಕಿಸಕ್ಕೆಂದರು. ಮಾಳಪ್ಪನೂ ನಗಲಿಕ್ಕೆ ಬಂದವನು ತಡೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ಒಮ್ಮೆ ಹೊಳಿ ಎಬ್ಬಿಸ್ತು ನಮ್ಮನ್ನ. ಈಗ ನೀವೂ ಎಬ್ಬಿಸ್ತೀರೇನ್ರಿ?" ಎಂದ. ಆ ಮಾತು ನನಗೆ ಚುಚ್ಚಿತು. ನಾನು ಸಿಟ್ಟಿನವಳು, ಆದರೆ ಆ ಪ್ರಶ್ನೆಗೆ ಸಿಟ್ಟು ಬರಲಿಲ್ಲ. ಮುಂದಿನ ಸಾಲು ರದ್ದು ಮಾಡು ಎಂದರೆ ಅವನ ಪಡಸಾಲೆ ಹೋಗುತ್ತದೆ. ಇದ್ದಂತೆ ಇರಲಿ ಎಂದರೆ ಸಾಲಿಯ ಮಕ್ಕಳು ಹಳ್ಳದ ಬಾಯಲ್ಲಿ ಕೂಡುತ್ತಾರೆ. ಕೈಯಲ್ಲಿ ಗುರುತಿಲ್ಲದೆ ನಾನು ಯಾವುದನ್ನು ಹೇಳಲಿ?

ಆ ವಾರವೇ ಬೀರಪ್ಪನ ಪಲ್ಲಕ್ಕಿ ಇತ್ತು. ಗುಡ್ಡದ ಕೆಳಗೆ ಬೀರಪ್ಪನ ಹಳೆಯ ಗುಡಿ ಇದೆ. ಪಲ್ಲಕ್ಕಿ ಅಲ್ಲಿಂದ ಹೊಳೆಗೆ ಹೋಗಿ, ಸ್ನಾನ ಮಾಡಿಸಿಕೊಂಡು ತಿರುಗಿ ಬರುತ್ತದೆ. ಮಾಳಪ್ಪನ ಹೆಂಡತಿ ಲಗಮವ್ವ ನನ್ನನ್ನು ಕರೆದಿದ್ದಳು. ಗಂಡ ಎಷ್ಟೇ ಮುಖ ತಿರುಗಿಸಲಿ, ಆಕೆಗೆ ನಾನೆಂದರೆ ಅಕ್ಕರೆ. ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ಡೊಳ್ಳಿನ ಸಪ್ಪಳಕ್ಕೆ ಎದೆ ನಡುಗುತ್ತಿತ್ತು, ಭಂಡಾರ ಎರಚಿ ಎಲ್ಲರೂ ಹಳದಿಯಾಗಿದ್ದರು. ಹೊಳೆಯಿಂದ ಬರುವಾಗ ಪಲ್ಲಕ್ಕಿ ನಮ್ಮ ಬಣ್ಣದ ಕಲ್ಲುಗಳ ನಡುವೆಯೇ ಹಾದು, ಮನೆಗಳ ಎರಡು ಸಾಲನ್ನೂ ಸಾಲಿಯ ಜಾಗವನ್ನೂ ದಾಟಿ, ಸ್ವಲ್ಪ ಏರಿನಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಇಳಿಯಿತು. ಡೊಳ್ಳು ನಿಂತವು. ಹೆಂಗಸರು ಮುಂದೆ ಬಂದು ಕಲ್ಲಿನ ಬುಡಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟು ಉಡಿ ತುಂಬತೊಡಗಿದರು. ಲಗಮವ್ವ ನನ್ನ ಕೈಗೂ ಒಂದು ಖಣ ಕೊಟ್ಟಳು.

"ಯಾರಿಗೆ ಉಡಿ ತುಂಬೂದು ಲಗಮವ್ವಾ?"

"ಗಂಗವ್ವಗರಿ."

"ನೀರು ಅಲ್ಲೆಲ್ಲೋ ಕೆಳಗದಲ್ಲ. ಇಲ್ಲ್ಯಾಕ?"

"ಅಕಿ ಇಲ್ಲಿ ಮಟಾ ಬಂದಿದ್ಲಲ್ರಿ! ನಮ್ಮ ಮಾವನ ಅಪ್ಪನ ಕಾಲದಾಗ ಪಲ್ಲಕ್ಕಿ ಹೊಳಿಂದ ಬರುಮುಂದ ಒಣಹಳ್ಳ ಬಂತಂತ. ಓಡಿ ಓಡಿ ಈ ಕಲ್ಲಿನ ಮ್ಯಾಲೆ ದೇವರನ್ನ ಇಟ್ರಂತ. ನೀರು ಕಲ್ಲಿನ ಬುಡಕ್ಕ ಬಂದು ನಿಂತೇತಿ. ಹೆಣ್ಣಮಕ್ಕಳು ತಮ್ಮ ತಮ್ಮ ಉಡಿಯಾಗಿನ ಖಣ ತೆಗದು ಉಡಿ ತುಂಬ್ಯಾರ, ಗಂಗವ್ವ ಸಮಾಧಾನ ಆಗಿ ತಿರುಗ್ಯಾಳ. ಆವಾಗಿಂದ ಇಲ್ಲೇ ತುಂಬೂದು."

ನನ್ನ ಕೈಯಲ್ಲಿ ಖಣ ಹಾಗೇ ಉಳಿಯಿತು. ನಾನು ತಿರುಗಿ ಕೆಳಗೆ ನೋಡಿದೆ. ಸಾಲಿಯ ಮೂಲೆಗಲ್ಲು ನನ್ನ ಕಾಲಿಗಿಂತ ಎಷ್ಟೋ ಕೆಳಗಿತ್ತು, ಮಾಳಪ್ಪನ ಮೂಲೆ ಅದಕ್ಕಿಂತ ಕೆಳಗೆ. ತಲೆ ಎತ್ತಿದರೆ ಪಲ್ಲಕ್ಕಿಯ ಮಗ್ಗುಲಿಗೆ ಮಾಳಪ್ಪ ನಿಂತಿದ್ದ. ಹೆಂಡತಿಯ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಬುದ್ಧಿ ಬಂದಾಗಿನಿಂದ ಪ್ರತಿ ವರ್ಷ ಆ ಕಲ್ಲಿನ ಮೇಲೆ ದೇವರನ್ನು ಇಳಿಸಿದವನು, ತಾನು ಇಳಿಸುತ್ತಿರುವುದು ಯಾವ ಗುರುತಿನ ಮೇಲೆ ಎಂದು ಅವನಿಗೂ ಆ ಕ್ಷಣದಲ್ಲೇ ಹೊಳೆಯಿತೆಂದು ಕಾಣುತ್ತದೆ. ಭಂಡಾರ ಮೆತ್ತಿದ ಅವನ ಮುಖ ಸಣ್ಣದಾಯಿತು. ನಾನು ಬಗ್ಗಿ ಖಣ ಇಟ್ಟು ಉಡಿ ತುಂಬಿದೆ.

ಹೊರಡುವಾಗ ಅವನು ಜೀಪಿನ ಹತ್ತಿರ ಬಂದ. "ಗಿಡದ ಸುಳ್ಳು ಬೇಕಾದಷ್ಟು ಹೇಳೇನ್ರಿ. ಗಂಗವ್ವನ ಸುಳ್ಳು ಹೇಳಾಕ ನನ್ನ ಕೈಲೆ ಆಗಂಗಿಲ್ಲ. ಅಳತಿ ಮಾಡಕೊಳ್ರಿ" ಎಂದು ಹೇಳಿ ಹೋದ.

ಮರುದಿನ ಅಳೆದೆವು. ಇಮ್ರಾನ್ ಆ ಮಟ್ಟವನ್ನು ತನ್ನ ಲೆಕ್ಕಕ್ಕೆ ಕೊಟ್ಟ ಕೂಡಲೇ ಪರದೆಯ ಮೇಲಿನ ನೀಲಿ ಬಣ್ಣ ಎರಡು ಸಾಲು ಮನೆ, ಸಾಲಿ ಎಲ್ಲವನ್ನೂ ನುಂಗಿ ಕಲ್ಲಿಗೆ ಬಂದು ನಿಂತಿತು. ತಮಾಷೆ ಕೇಳಿರಿ, ಬೇವಿನ ಗಿಡದ ಹತ್ತಿರ ಅದು ಮಾಳಪ್ಪ ಸೇತುವೆಗಾಗಿ ತೋರಿಸಿದ ಗಂಟನ್ನೂ ದಾಟಿ ಮೇಲೆ ಹೋಗಿತ್ತು. ಅವನು ಹೇಳಿದ್ದೇ ನಿಜಕ್ಕಿಂತ ಕಡಿಮೆ, ನಾನು ಅದರಲ್ಲೂ ಕಳೆದು ಬರೆದುಕೊಂಡಿದ್ದೆ! ನಿವೃತ್ತರಾಗಿ ಮನೆಯಲ್ಲಿದ್ದ ಕಟ್ಟಿ ಸಾಹೇಬರಿಗೆ ಫೋನು ಮಾಡಿ, ಇದರ ಕೆಳಗೆ ಮನೆ ಬೇಡ ಎಂಬ ಗೆರೆಯನ್ನು ಕಲ್ಲಿನ ಮಟ್ಟಕ್ಕೆ ಹಾಕಲೇ ಎಂದು ಕೇಳಿದೆ. ಅವರ ದನಿ ಕುಗ್ಗಿತ್ತು, ಸಿಟ್ಟು ಕುಗ್ಗಿರಲಿಲ್ಲ. "ಮುಂದಿನ ಸಲ ಬಂದಾಗೂ ಹಳೇ ಜಾಗಾದಾಗ ನಿಲ್ತೇನಿ ಅಂತ ಗಂಗವ್ವ ನಿನಗ ಮಾತು ಕೊಟ್ಟಾಳೇನು? ಮ್ಯಾಲೆ ಸರಿಸು. ಸಾಲಿಯನ್ನಂತೂ ಇನ್ನೂ ಮ್ಯಾಲೆ ಸರಿಸು" ಎಂದು ಫೋನಿಟ್ಟರು. ಗೆರೆಯನ್ನೂ ಸಾಲಿಯನ್ನೂ ಕಲ್ಲಿನಿಂದ ಮೇಲಕ್ಕೆ ಸರಿಸಿದೆ. ಮೇಲಧಿಕಾರಿ ಒಂದು ಗಂಟೆ ನನ್ನ ಜೊತೆ ವಾದ ಮಾಡಿದರು, ಆಮೇಲೆ ಸಹಿ ಮಾಡಿದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಊರ ಸಭೆಯಲ್ಲಿ ಮಾತ್ರ ಗದ್ದಲವಾಯಿತು. ಮುಂದಿನ ಸಾಲುಗಳವರು ನನ್ನ ಮೇಲೆ ಹರಿಹಾಯ್ದರು. ಕಂಡವರಿಲ್ಲದ ನೀರಿಗೆ ಹೆದರಿ ಮನೆ ಬಿಡಬೇಕೇ ಎಂದರು. ಆಗ ಮಾಳಪ್ಪ ಎದ್ದು ನಿಂತ. ಅಷ್ಟು ಮಾತುಗಾರ, ಆ ದಿನ ಆಡಿದ್ದು ನಾಲ್ಕೇ ಮಾತು. "ನಾವ ಉಡಿ ತುಂಬತೇವಿ. ಅಕಿ ಬಂದಿದ್ದು ಸುಳ್ಳಂದ್ರ ಉಡೀನೂ ಸುಳ್ಳು. ಮೂಲಿ ಜಾಗಾ ನಾ ಮೊದಲು ಬಿಡ್ತೇನಿ, ಉಳಿದಾವರೂ ಬಿಡ್ರಿ" ಎಂದು ಕುಳಿತ. ಅವನ ಹೊಸ ಜಾಗ ಮೇಲೆ, ಹಿಂದಿನ ಸಾಲಿನಲ್ಲಿ ಬಂತು. ಅಲ್ಲಿ ಪಡಸಾಲೆ ಕಟ್ಟಿಸಿದರೆ ಎದುರಿಗೆ ಕಾಣುವುದು ಇನ್ನೊಬ್ಬರ ಹಿತ್ತಲ ಗೋಡೆ. ಅವನು ಪಡಸಾಲೆಯನ್ನೇ ಕಟ್ಟಿಸಲಿಲ್ಲ. ನನ್ನ ಜೊತೆ ಮಾತನ್ನೂ ಬಿಟ್ಟ.

ಈ ಕೆಲಸದ ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಹಳ್ಳ ಬರಲಿಲ್ಲ. ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ರಸ್ತೆಯ ಬದಿಯ ಖಾಲಿ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಸ್ಸಿಗೆ ನಡೆದು ಬರುವ ಮುದುಕಿಯರು ಪ್ರತಿ ಹೆಜ್ಜೆಗೂ ನನ್ನನ್ನು ನೆನೆಯುತ್ತಿದ್ದರಂತೆ, ಒಳ್ಳೆಯ ಮಾತಿನಲ್ಲಿ ಅಲ್ಲ. ಬಾದಾಮಿಯ ಸಂತೆಯಲ್ಲಿ ಒಬ್ಬ ನನ್ನನ್ನು ನೋಡಿ, "ಬಾಯಾರ, ಹಳ್ಳ ಎಲ್ಲಿ ಮಟಾ ಬಂತ್ರಿ?" ಎಂದು ಕೇಳಿ ನಕ್ಕ. ನಾನು ತರಕಾರಿ ಚೀಲ ಎತ್ತಿಕೊಂಡು ಹೊರಟುಬಂದೆ. ನೀವು ಸರಿಯಾಗಿದ್ದೀರಿ ಎಂದು ಗೊತ್ತಾಗಬೇಕಾದರೆ ಜನರಿಗೆ ಕೆಡುಕಾಗಬೇಕು. ಹಾಗೆ ಬಯಸುವುದು ಹೇಗೆ? ಬರದಿರಲಿ ತಾಯಿ, ನನಗೆ ಬೈಗುಳವೇ ಇರಲಿ ಎಂದು ಎಷ್ಟೋ ಮಳೆಗಾಲ ಅಂದುಕೊಂಡೆ. ಹಾಗೆಯೇ ನಿವೃತ್ತಳೂ ಆದೆ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹಾಲು ಕಾಯಲು ಇಟ್ಟಿದ್ದೆ. ಫೋನು ಬಂತು. ಎಷ್ಟೋ ವರ್ಷಗಳ ಮೇಲೆ ಕೇಳಿದರೂ ಆ ದನಿ ಗುರುತು ಹತ್ತಿತು.

"ಬಾಯಾರ, ಹಳ್ಳ ಬಂತ್ರಿ."

ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು. "ಸಾಲಿ?"

"ಸಾಲಿ ಐತ್ರಿ."

"ಮಕ್ಕಳು?"

"ಒಳಗ ಇದ್ದೂರಿ. ಎಲ್ಲಾ ಆರಾಮ ಅದಾವು. ನನ್ನ ಮೊಮ್ಮಗಳೂ ಅಲ್ಲೇ ಇತ್ರಿ. ನೀರು ಸಾಲಿ ಪಾವಟಿಗಿ ಮಟಾ ಬಂದು..." ಇಬ್ಬರೂ ಫೋನು ಹಿಡಿದುಕೊಂಡು ಅತ್ತೆವು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ನೀರು ಇಳಿದ ಮೇಲೆ ಹೋದೆ. ಲಗಮವ್ವ ಸಾಲಿಯ ಮುಂದೆ ಅಕ್ಕಿ, ಖಣ ಹಿಡಿದುಕೊಂಡು ಕಾಯುತ್ತಿದ್ದಳು. ಆಕೆಯ ಹಿಂದೆ ಊರ ಹೆಂಗಸರು. ಹಳೆಯ ಕಲ್ಲು ಕೆಳಗೆ ಕೆಸರಿನಲ್ಲಿ ಅರ್ಧ ಹೂತಿತ್ತು. "ಈ ಸಲ ಅಕಿ ಇನ್ನೂ ಮ್ಯಾಲೆ ಬಂದ್ಲು ನೋಡ್ರಿ. ಇನ್ನ ಮ್ಯಾಲೆ ಇಲ್ಲೇ ತುಂಬೂದು ಅಂತ ಮಾಡೇವಿ. ಮೊದಲನೇದು ನಿಮ್ಮ ಕೈಲೆ ಆಗಲಿ" ಎಂದು ಕೆಳಗಿನ ಪಾವಟಿಗೆಯನ್ನು, ಸಾಲಿಯ ಮೊದಲ ಮೆಟ್ಟಿಲನ್ನು, ತೋರಿಸಿದಳು. ಅದರ ಮೇಲೆ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. ಕಟ್ಟಿ ಸಾಹೇಬರಿಗೆ ಫೋನು ಮಾಡಬೇಕು ಎನ್ನಿಸಿತು. ಅವರು ಅಷ್ಟರಲ್ಲಿ ತೀರಿಹೋಗಿದ್ದರು. ಅವರ ಹೆಸರು ನೆನೆದು ಉಡಿ ತುಂಬಿದೆ. ಒಳಗೆ ಮಕ್ಕಳು ಮಗ್ಗಿ ಒದರುತ್ತಿದ್ದವು.

ಮಾಳಪ್ಪ ಒಂದು ಮಗ್ಗುಲಿಗೆ ನಿಂತಿದ್ದ. ತಲೆ ಬೆಳ್ಳಗಾಗಿತ್ತು. "ಬರ್ರಿ ಬಾಯಾರ, ಮನಿಗಿ ಹೋಗೂಣು. ಚಾ ಕುಡೀರಂತ" ಎಂದ. ಅವನ ಮನೆ ಮೇಲೆ, ಹಿಂದಿನ ಸಾಲಿನಲ್ಲಿ. ಅವನು ಕೋಲು ಊರಿಕೊಂಡು ಕೆಳಗೆ, ರಸ್ತೆಯ ಕಡೆ ಹೊರಟ. ಎಲ್ಲಿಗೆ ಎಂದು ಕೇಳದೆ ಹಿಂದೆ ನಡೆದೆ. ಬಯಲಿನ ತುಂಬ ಗುಂಡುಗಳು ಬಿದ್ದಿದ್ದವು, ಕ್ರಿಕೆಟ್ ಆಡುವ ನೆಲದ ಗುರುತೇ ಇರಲಿಲ್ಲ. ಒಂದು ಕಾಲದ ಮೊದಲ ಸಾಲಿನ ಮೂಲೆಯಲ್ಲಿ, ಮಲಗಿದ ಎಮ್ಮೆಯಷ್ಟು ದೊಡ್ಡ ಕೆಂಪು ಬಂಡೆ ಬಂದು ಕುಳಿತಿತ್ತು. ಗುಡ್ಡದ ಮೇಲಿನ ಬಂಡೆ ಅದು.

ಮಾಳಪ್ಪ ನಿಂತ. ಕೋಲಿನಿಂದ ಕೆಸರಿನ ಮೇಲೆ ಒಂದು ಗೆರೆ ಎಳೆದ, ಅದಕ್ಕೆ ಅಡ್ಡವಾಗಿ ಇನ್ನೊಂದು ಎಳೆದ.

"ಇದು ತಲಬಾಗಲರಿ" ಎಂದ. "ಇದು ಪಡಸಾಲಿ." ಬಂಡೆಯ ಮೇಲಿನ ಮರಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ. ರಸ್ತೆಯಲ್ಲಿ ಬಸ್ಸಿಗೆ ಹೋಗುತ್ತಿದ್ದವರು ನಿಂತು ನೋಡತೊಡಗಿದರು. ಮಾಳಪ್ಪ ಅವರ ಕಡೆ ತಿರುಗಿ, "ಬಾಯಾರು ಬಂದಾರ, ನೀವೂ ಬರ್ರಿ ಚಾಕ್ಕ!" ಎಂದು ಕೂಗಿದ. ಆಮೇಲೆ ನನ್ನ ಕಡೆ ನೋಡಿದ. ಕಣ್ಣು ತುಂಬಿದ್ದವು, ಗದ್ದದ ಮೇಲಿನ ಮಚ್ಚೆ ಅಲ್ಲೇ ಇತ್ತು.

"ಯಾಕ ನಿಂತ್ರಿ? ಒಳಗ ಬರ್ರಿ. ಹೊಸ್ತಲಾ ಐತಿ, ನೋಡಿ ದಾಟ್ರಿ."

ನಾನು ಚಪ್ಪಲಿಯನ್ನು ಹೊರಗೆ ಬಿಟ್ಟು, ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿದೆ.